ಮೂರು ಡಿಗ್ರಿ ಕಡಿಮೆ

ಹೋದ ತಿಂಗಳು ಮಡಕಶಿರ ಕಡೆಯ ರತ್ನಗಿರಿ ಪಕ್ಕದ ನಮ್ಮೂರಿಗೆ ಹೋಗಿದ್ದೆ. ಚಿಕ್ಕಪ್ಪನ ಮನೆಯ ಹಿತ್ತಲಿಗೆ ಕಾಲಿಟ್ಟ ಕೂಡಲೇ ಒದ್ದೆ ಗೋಣಿಯ ವಾಸನೆ ಮೂಗಿಗೆ ಬಡಿಯಿತು. ಹೊಸ ಹುಳುಮನೆಯ ಕಿಟಕಿಗಳಿಗೆಲ್ಲ ಗೋಣಿತಾಟು ಇಳಿಬಿಟ್ಟು ನೀರು ಚಿಮುಕಿಸಿದ್ದರು. ರೇಷ್ಮೆ ಸಾಕುವ ಮನೆಗಳಲ್ಲಿ ಬಿಸಿಲು ಏರಿದರೆ ಮಾಡುವುದೇ ಇದು, ಹುಳುವಿಗೆ ಸೆಕೆ ತಡೆಯುವುದಿಲ್ಲ. ಬೇರೆಯವರಿಗಾದರೆ ಅದು ಊರಿನ ವಾಸನೆ, ಬಾಲ್ಯದ ವಾಸನೆ ಎಂದೆಲ್ಲ ಅನ್ನಿಸಬಹುದು. ನನಗೆ ಹಾಗಲ್ಲ. ರಾಯದುರ್ಗದಲ್ಲಿ ಕಳೆದ ಒಂದು ಬೇಸಿಗೆ ಎದ್ದು ಬಂದು ಎದುರಿಗೆ ನಿಂತಿತು. ಅದನ್ನು ಈಗ ಬರೆಯುತ್ತಿರುವುದು ಮನಸ್ಸು ಹಗುರ ಮಾಡಿಕೊಳ್ಳುವುದಕ್ಕಲ್ಲ. ಆ ಅವಕಾಶ ಕೈತಪ್ಪಿ ಹೋಗಿದೆ.

ಚಿಕ್ಕಮ್ಮನ ಹೆಸರು ರಂಗಮ್ಮ. ನಮ್ಮೂರಲ್ಲಿ ಯಾರ ಮನೆಯಲ್ಲಿ ಹುಳು ಸಪ್ಪಗಾದರೂ ಅವರನ್ನು ಕರೆಯುತ್ತಿದ್ದರು. ಚಿಕ್ಕಮ್ಮ ಬಂದು, ಸೀರೆ ಮೇಲೆತ್ತಿ ಸಿಕ್ಕಿಸಿ, ಎಡಗೈಯನ್ನು ಮೊಣಕೈವರೆಗೆ ಹುಳುವಿನ ತಟ್ಟೆಯ ಮೇಲೆ ಚಾಚುತ್ತಿದ್ದರು. ಹುಳುವನ್ನು ಮುಟ್ಟುತ್ತಿರಲಿಲ್ಲ. ಹಾಗೇ ಒಂದು ಗಳಿಗೆ ಹಿಡಿದು, "ಇಪ್ಪತ್ತೊಂಬತ್ತಾಗೈತೆ, ಕಿಟಕಿ ತೆಗೀರಿ" ಅನ್ನುತ್ತಿದ್ದರು. ಗೋಡೆಗೆ ನೇತುಹಾಕಿದ ಗಾಜಿನ ಥರ್ಮಾಮೀಟರು ನೋಡಿದರೆ ಅಷ್ಟೇ ಇರುತ್ತಿತ್ತು. ಇಪ್ಪತ್ತು ವರ್ಷ ಕೈ ಚಾಚಿ, ಆಮೇಲೆ ಗೋಡೆ ನೋಡಿ, ಎರಡನ್ನೂ ಹೊಂದಿಸಿಕೊಂಡು ಬಂದ ವಿದ್ಯೆ ಅದು. ಓದು ಬರಹ ಅಷ್ಟಕ್ಕಷ್ಟೇ. ಆದರೆ ಅಂಕಿ ಮಾತ್ರ ಅವರ ಚರ್ಮಕ್ಕೆ ಗೊತ್ತಿತ್ತು.

ನಾನು ಹಿಂದೂಪುರದಲ್ಲಿ ಐಟಿಐ ಮುಗಿಸಿ, ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ ವರ್ಷ ಒಂದು ಹುಚ್ಚು ಹಿಡಿಯಿತು. ಮನೆಯಲ್ಲೇ ಹವಾಮಾನ ಕೇಂದ್ರ ಮಾಡುತ್ತೇನೆ ಎಂದು ಹೊರಟೆ. ಸೆಕೆ ಮತ್ತು ತೇವ ಅಳೆಯುವ ಬೆರಳುದ್ದದ ಎರಡು ಸೆನ್ಸಾರು, ಗಾಳಿಗೆ ತಿರುಗುವ ಮೂರು ಬಟ್ಟಲು, ಮಳೆ ನೀರು ತುಂಬಿದಂತೆ ಆ ಕಡೆ ಈ ಕಡೆ ವಾಲುವ ಒಂದು ಪುಟ್ಟ ದೋಣಿ, ಇವನ್ನೆಲ್ಲ ತರಿಸಿ, ತಂತಿ ಎಳೆದು, ಯಾರೋ ಎಸೆಯಲಿದ್ದ ಲ್ಯಾಪ್‌ಟಾಪಿಗೆ ಜೋಡಿಸಿದೆ. ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ಹಾಕಿದೆ. ಅದು ನಿಮಿಷಕ್ಕೊಮ್ಮೆ ಸೆನ್ಸಾರುಗಳನ್ನು ವಿಚಾರಿಸಿ ಬಂದು ತೆರೆಯ ಮೇಲೆ ಅಂಕಿ ಬರೆಯುತ್ತಿತ್ತು. ಬೆಳಗಿಂದ ಸಂಜೆವರೆಗೆ ಆ ಅಂಕಿ ಏರುವುದನ್ನೂ ಇಳಿಯುವುದನ್ನೂ ನೋಡುತ್ತಾ ಕೂರುತ್ತಿದ್ದೆ. ಮದುವೆ ವಯಸ್ಸಿನ ಗಂಡಸು ಮಾಡುವ ಕೆಲಸವೇ ಎಂದು ಅಪ್ಪ ಬೈಯುತ್ತಿದ್ದರು. ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅಗ್ಗದ ಸೆನ್ಸಾರುಗಳು ಒಂದಿಷ್ಟು ಹೆಚ್ಚೋ ಕಡಿಮೆಯೋ ತೋರಿಸುತ್ತವೆ. ಅದಕ್ಕೆಂದೇ ಸಾಫ್ಟ್‌ವೇರಿನಲ್ಲಿ ಪ್ರತಿ ಸೆನ್ಸಾರಿಗೂ ಒಂದು ಸಣ್ಣ ಖಾನೆ ಇರುತ್ತದೆ. ಎಷ್ಟು ತಪ್ಪಿದೆಯೋ ಅಷ್ಟನ್ನು ಅಲ್ಲಿ ಬರೆದರೆ, ಸೆನ್ಸಾರು ಏನೇ ಹೇಳಲಿ, ಅದನ್ನು ಕೂಡಿಸಿಯೋ ಕಳೆದೋ ಸರಿಯಾದ ಅಂಕಿ ತೋರಿಸುತ್ತದೆ. ಹುಳುಮನೆಯಲ್ಲಿ ಇಟ್ಟ ಸೆನ್ಸಾರು ಸರಿಯಿದೆಯೇ ಎಂದು ನೋಡೋಣವೆಂದರೆ ಗೋಡೆಯ ಥರ್ಮಾಮೀಟರು ಅದೇ ವಾರ ಬಿದ್ದು ಒಡೆದಿತ್ತು. "ಚಿಕ್ಕಮ್ಮ, ಎಷ್ಟೈತೆ ಹೇಳು" ಅಂದೆ. ಕೈ ಚಾಚಿ, "ಇಪ್ಪತ್ತೇಳು" ಅಂದರು. ತೆರೆಯ ಮೇಲೆ ಇಪ್ಪತ್ತೆಂಟಿತ್ತು. ನಾನು ನಕ್ಕು, ಮರುದಿನ ಹಿಂದೂಪುರದಿಂದ ಹೊಸ ಥರ್ಮಾಮೀಟರು ತಂದು ಇಟ್ಟು ನೋಡಿದರೆ ಸೆನ್ಸಾರು ಒಂದು ಡಿಗ್ರಿ ಹೆಚ್ಚು ತೋರಿಸುತ್ತಿತ್ತು, ಚಿಕ್ಕಮ್ಮನೇ ಸರಿ. ಖಾನೆಯಲ್ಲಿ ಮೈನಸ್ ಒಂದು ಎಂದು ಬರೆದೆ. ನನ್ನ ಯಂತ್ರವನ್ನು ಮೊದಲು ತಿದ್ದಿದ್ದು ಅವರ ಕೈ. ಈ ಮಾತು ನೆನಪಿಟ್ಟುಕೊಳ್ಳಿ.

ಆಮೇಲೆ ರಾಯದುರ್ಗದಲ್ಲಿ ನನಗೆ ಕೆಲಸ ಸಿಕ್ಕಿತು. ಆಗ ಅಲ್ಲಿ ಮನೆಮನೆಯಲ್ಲೂ ಜೀನ್ಸ್ ಹೊಲಿಯುತ್ತಿದ್ದರು. ಯಾವ ಓಣಿಗೆ ಹೋದರೂ ಮಿಷನ್ನಿನ ಸದ್ದು, ಕಾಲಡಿಯಲ್ಲಿ ನೀಲಿ ದಾರ. ಎರ್ರಿಸ್ವಾಮಿ ಎಂಬುವರ ಮನೆಯ ತಾರಸಿಯ ಮೇಲೆ ತಗಡು ಹೊದಿಸಿ ಮೂವತ್ತು ಮಿಷನ್ ಹಾಕಿದ್ದರು. ಅವುಗಳ ಮೋಟಾರು ರಿಪೇರಿ ನನ್ನ ಪಾಲಿನದು. ನಮ್ಮ ಕಡೆಯವರು ಬೆಂಗಳೂರು, ಹಿಂದೂಪುರದ ಗಾರ್ಮೆಂಟ್ಸಿಗೆ ಹೋಗುವವರೇ ಹೆಚ್ಚು. ನಾನು ಮಾತ್ರ ಉಲ್ಟಾ ದಿಕ್ಕು ಹಿಡಿದೆ. ಹೋಗುವಾಗ ಬಟ್ಟೆಗಿಂತ ಮೊದಲು ಕಟ್ಟಿಕೊಂಡಿದ್ದು ಆ ಹವಾಮಾನ ಕೇಂದ್ರವನ್ನೇ. ತಾರಸಿಯ ಮೂಲೆಯಲ್ಲಿ ನನ್ನ ಕೋಣೆ. ಒಂದು ಸೆನ್ಸಾರನ್ನು ಹೊರಗೆ ಬಿಳಿ ಡಬ್ಬಿಯಲ್ಲಿಟ್ಟೆ. ಹುಳುಮನೆಯಲ್ಲಿದ್ದ ಇನ್ನೊಂದನ್ನು ತಗಡಿನ ಕೆಳಗೆ ಮಿಷನ್‌ಗಳ ನಡುವಿನ ಕಂಬಕ್ಕೆ ಕಟ್ಟಿ, ಬಾಗಿಲ ಮೇಲೆ ಒಂದು ಹಳೆ ಮಾನಿಟರು ತೂಗುಹಾಕಿದೆ. ಹೊರಗೆ ಎಷ್ಟು, ಒಳಗೆ ಎಷ್ಟು, ಎರಡೂ ದಪ್ಪ ಅಕ್ಷರದಲ್ಲಿ ಕಾಣುತ್ತಿದ್ದವು.

ಎರ್ರಿಸ್ವಾಮಿಗೆ ಅದು ಬಲು ಹೆಮ್ಮೆ. ಬಳ್ಳಾರಿಯಿಂದ ಯಾರಾದರೂ ಬಂದರೆ, "ನೋಡ್ರಿ, ನಮ್ ಮಾಳಿಗಿ ಮ್ಯಾಲೆ ಹವಾಮಾನ ಇಲಾಖೆ ಐತಿ" ಎಂದು ಕರೆದುಕೊಂಡು ಬಂದು ತೋರಿಸುತ್ತಿದ್ದರು. ಒಂದು ದಿನ ಇದೆಲ್ಲ ಹೇಗೆ ಅಂತ ಕೇಳಿದರು. ಕೇಳುವವರು ಸಿಕ್ಕರೆ ನನಗೆ ಬಾಯಿ ನಿಲ್ಲುತ್ತಿರಲಿಲ್ಲ. ಲ್ಯಾಪ್‌ಟಾಪ್ ತೆಗೆದು ಎಲ್ಲ ವಿವರಿಸಿದೆ. ಆ ಖಾನೆಯನ್ನೂ ತೋರಿಸಿದೆ. "ಹತ್ತು ಅಂತ ಬರೆದ್ರೆ ಹತ್ತು ಡಿಗ್ರಿ ಜಾಸ್ತಿ ತೋರಿಸ್ತದೆ ನೋಡಿ" ಎಂದು ಬರೆದು, ತೋರಿಸಿ, ಮೊದಲಿದ್ದಂತೆ ಮಾಡಿದೆ. ಅವರು "ಭೇಷ್" ಅಂದರು. ನನ್ನ ಜಂಬಕ್ಕೆ ಬೆಂಕಿ ಬೀಳಲಿ.

ಆ ವರ್ಷದ ಮಳೆಗೆ ನಮ್ಮೂರಲ್ಲಿ ಚಿಕ್ಕಪ್ಪನ ಹುಳುಮನೆಯ ಗೋಡೆ ಕುಸಿದುಬಿತ್ತು. ಹೊಸದು ಕಟ್ಟುವವರೆಗೆ ಹುಳು ಇಲ್ಲ, ಚಿಕ್ಕಮ್ಮನಿಗೆ ಕೆಲಸವಿಲ್ಲ. "ಒಂದು ಬೇಸಿಗೆ ಬಂದು ಹೋಗು ಚಿಕ್ಕಮ್ಮ, ನಾನಿದ್ದೀನಲ್ಲ" ಎಂದು ನಾನೇ ಕರೆದೆ. ಸಂಕ್ರಾಂತಿ ಕಳೆದ ಮೇಲೆ ಬಂದರು. ಹೊಲಿದ ಪ್ಯಾಂಟುಗಳ ದಾರದ ತುದಿ ಕತ್ತರಿಸಿ, ಮಡಿಸಿ ಜೋಡಿಸುವ ಕೆಲಸ ಕೊಟ್ಟರು. ನೆಲದ ಮೇಲೆ ಕೂತು ಮಾಡುವ ಕೆಲಸ, ತಗಡಿನ ನಟ್ಟನಡುವೆ.

ಚಿಕ್ಕಮ್ಮ ಬಂದ ಎರಡನೇ ವಾರಕ್ಕೇ ಮಾನಿಟರಿನ ಜೊತೆ ಆಟ ಶುರುವಾಯಿತು. ಅದನ್ನು ನೋಡದೆ ಕೈ ಚಾಚಿ "ಮೂವತ್ನಾಕು" ಅಂತಿದ್ದರು. ಮಿಷನ್ ಮೇಲಿದ್ದ ಹೆಂಗಸರೆಲ್ಲ ಒಟ್ಟಿಗೆ ತಿರುಗಿ ನೋಡಿದರೆ ಮೂವತ್ನಾಲ್ಕೇ. ಹುಲಿಗೆಮ್ಮ ಎಂಬಾಕೆಗೆ ಇದು ಬಹಳ ಹಿಡಿಸಿತು. ಸೊಂಟಪಟ್ಟಿ ಹೊಲಿಯುವಾಕೆ, ಬಾಯಿ ಜೋರು, ಇಡೀ ತಾರಸಿಗೆ ಆಕೆಯೇ ನಾಯಕಿ. "ಹೇ, ರಂಗಮ್ಮಕ್ಕನ ಕೈಯಾಗ ಮಿಷಿನ್ ಐತ್ರೆ" ಎಂದು ದಿನಾ ಮೂರು ಗಂಟೆಗೆ ಪಣ ಕಟ್ಟಿಸುತ್ತಿದ್ದಳು. ಸೋತವರು ಚಹಾ ಕೊಡಿಸಬೇಕು. ಆಗೆಲ್ಲ ಚಿಕ್ಕಮ್ಮನಿಗೆ ಒಂದು ದಿನವೂ ಚಹಾ ಕೊಡಿಸುವ ಸರದಿ ಬರಲಿಲ್ಲ.

ಹುಳು ಸಾಕುವಾಗಿನ ಕತೆಗಳನ್ನೆಲ್ಲ ಚಿಕ್ಕಮ್ಮ ಅವರಿಗೆ ಹೇಳುತ್ತಿದ್ದರು. ಇಪ್ಪತ್ತೆಂಟು ದಾಟಿದರೆ ಗೋಣಿ ಒದ್ದೆ ಮಾಡುವುದು, ತಟ್ಟೆಗಳನ್ನು ಅಡ್ಡಾಡಿಸುವುದು, ಬಾಗಿಲ ಹತ್ತಿರ ಯಾರೂ ಜೋರಾಗಿ ಮಾತಾಡದಿರುವುದು. ಒಂದು ದಿನ ಹುಲಿಗೆಮ್ಮ ಹೊಲಿಗೆ ನಿಲ್ಲಿಸಿ ಕೇಳಿದಳು: "ಹುಳಕ್ಕ ಇಷ್ಟು ಮಾಡ್ತೀರಿ ಅಂದ್ರ ನಾವೇನ್ ಪಾಪ ಮಾಡೀವ್ರಿ?" ಎರ್ರಿಸ್ವಾಮಿ ಅಲ್ಲೇ ನಿಂತಿದ್ದರು. ಆಕೆ ಅವರಿಗೇ ಹೇಳಿದಳು: "ಅಣ್ಣಾರ, ಆ ಟೀವಿ ನಲವತ್ತು ಅಂದ್ರ ಮಿಷಿನ್ ಬಂದ್ ಮಾಡಸ್ರಿ. ಇಳಿಯತನ ನಾವು ಕೆಳಗ ನೆಳ್ಳಾಗ ಕುಂದರ್ತೀವಿ." ಅದಿನ್ನೂ ಶಿವರಾತ್ರಿ ಮುಂಚಿನ ಮಾತು. ಒಳಗೆ ಮೂವತ್ತಾರು ದಾಟಿರಲಿಲ್ಲ. ಅವರು ನಗುನಗುತ್ತಾ, "ಆತು ಬಿಡವ್ವ, ನಾನೇನ್ ರಾಕ್ಷಸನ?" ಅಂದರು. ಎಲ್ಲರ ಮುಂದೆ ಕೊಟ್ಟ ಮಾತು.

ಯುಗಾದಿ ಹತ್ತಿರ ಬಂದಾಗ ಮೊದಲ ಸಲ ನಲವತ್ತು ಕಂಡಿತು. ಹೆಂಗಸರು ಹೋ ಎಂದು ಕೂಗಿ, ಮಿಷನ್ ನಿಲ್ಲಿಸಿ, ಮೆಟ್ಟಿಲಿಳಿದು ಹೋಗಿ ಬೇವಿನ ಮರದ ಕೆಳಗೆ ಕೂತರು. ಅದಕ್ಕೆ 'ನಲವತ್ತರ ಬಿಡುವು' ಎಂದು ಹೆಸರೂ ಬಿತ್ತು. ಹದಿನೈದು ನಿಮಿಷಕ್ಕೆ ಅಂಕಿ ಇಳಿಯಿತು, ಹತ್ತಿ ಬಂದರು. ಮುಂದಿನ ವಾರ ಅದು ಅರ್ಧ ಗಂಟೆಯಾಯಿತು. ಅದರ ಮುಂದಿನ ವಾರ ಹನ್ನೆರಡೂವರೆಗೆ ಹೋದವರು ನಾಲ್ಕಾದರೂ ಮೇಲೆ ಬರುವ ಹಾಗಿರಲಿಲ್ಲ. ಒಳಗೆ ನಲವತ್ತೆರಡು. ಯಂತ್ರ ಸುಳ್ಳು ಹೇಳುತ್ತಿರಲಿಲ್ಲ. ತಗಡು ಮುಟ್ಟಿದರೆ ಬೊಬ್ಬೆ ಏಳುತ್ತಿತ್ತು.

ಮಾಲು ಕಳಿಸಬೇಕಾದ ದಿನ ಹತ್ತಿರ ಬರುತ್ತಿತ್ತು. ಫೋನಿನಲ್ಲಿ "ರೇಪು, ರೇಪು" ಎಂದು ತೆಲುಗಿನಲ್ಲಿ ನಾಳೆಯ ಮೇಲೆ ನಾಳೆ ಹೇಳಿ ಎರ್ರಿಸ್ವಾಮಿಯ ಮುಖ ಇಳಿದಿತ್ತು. ಒಂದು ಬೆಳಗ್ಗೆ ನನ್ನ ಕೋಣೆಗೆ ಬಂದು ಮಂಚದ ಮೇಲೆ ಕೂತರು.

"ಮಂಜಣ್ಣ, ನೀ ಅವತ್ತು ಒಂದು ಖಾನಿ ತೋರಿಸಿದ್ದಿಲ್ಲೇನು?"

ನನಗೆ ಅರ್ಥವಾಯಿತು. ಅರ್ಥವಾಗದವನ ಹಾಗೆ ಮುಖ ಮಾಡಿದೆ.

"ಮೂರು ಕಳಿ ಸಾಕು. ಬಾಳ ಬ್ಯಾಡ. ದಿನಕ್ಕೊಂದ್ಸಲ ನಲವತ್ತು ತೋರಿಸ್ಲಿ, ಒಂದ್ ಹತ್ ನಿಮಿಷ ಕುಂತು ಬರ್ಲಿ. ಪೂರ್ತಿ ಬಂದ್ ಮಾಡಿದ್ರ ಹುಲಿಗೆಮ್ಮಗ ಅನುಮಾನ ಬರತೈತಿ." ಆಮೇಲೆ ಎದ್ದು ನಿಂತು, ಹೊರಗೆ ನೋಡುತ್ತಾ, "ಕೆಳಗಿನ ರೂಮು ಖಾಲಿ ಐತಿ. ನಿಂದೇ ರಿಪೇರಿ ಅಂಗಡಿ ಇಟ್ಕೊ. ನಾನು ಬ್ಯಾರೇ ಯಾರ್ಗೂ ಕೊಡಂಗಿಲ್ಲ" ಅಂದರು.

ಅವರು ಹೆದರಿಸಲಿಲ್ಲ. ಬೈಯಲಿಲ್ಲ. ಹೆದರಿಸಿದ್ದರೆ ಇವತ್ತು ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ಆ ಕೆಳಗಿನ ರೂಮಿನ ಮೇಲೆ ನನಗೆ ಬಹಳ ದಿನದಿಂದ ಕಣ್ಣಿತ್ತು. ದಪ್ಪ ಕಲ್ಲಿನ ಗೋಡೆ, ಬೀದಿಗೆ ಬಾಗಿಲು, ಒಳಗೆ ತಂಪು. ಅವರು ಮೆಟ್ಟಿಲಿಳಿದ ಮೇಲೆ ಲ್ಯಾಪ್‌ಟಾಪ್ ತೆಗೆದೆ. ಖಾನೆಯಲ್ಲಿ ಮೈನಸ್ ಒಂದು ಇತ್ತು, ಚಿಕ್ಕಮ್ಮನ ಕೈ ಬರೆಸಿದ್ದು. ಅದನ್ನು ಅಳಿಸಿ ಮೈನಸ್ ನಾಲ್ಕು ಎಂದು ಬರೆದೆ. ಇಷ್ಟು ಸಣ್ಣ ಕೆಲಸಕ್ಕೆ ಬೆರಳು ಕೂಡ ನೋಯಲಿಲ್ಲ.

ಮೂರು ಡಿಗ್ರಿ ತಾನೇ ಎಂದುಕೊಂಡೆ. ನಿಮಗೂ ಹಾಗೇ ಅನ್ನಿಸಬಹುದು. ತಗಡಿನ ಕೆಳಗೆ ಮೂವತ್ತು ಮೋಟಾರುಗಳ ನಡುವೆ ಕೂತು ನೋಡಬೇಕು.

ಮೊದಲ ಎರಡು ದಿನ ಮಾಲಿನ ಗಡಿಬಿಡಿಯಲ್ಲಿ ಯಾರೂ ಪಣ ಕಟ್ಟಲಿಲ್ಲ. ಮೂರನೇ ದಿನ ಮಧ್ಯಾಹ್ನ ಚಿಕ್ಕಮ್ಮ ಎಂದಿನಂತೆ ಕೈ ಚಾಚಿ, "ನಲವತ್ತೊಂದು" ಅಂದರು. ಎಲ್ಲರೂ ಕತ್ತು ತಿರುಗಿಸಿದರು. ಮೂವತ್ತೆಂಟು. ಹುಲಿಗೆಮ್ಮ ನಕ್ಕು, "ಇವತ್ತು ಅಕ್ಕನ ಚಹಾ" ಅಂದಳು. ಚಿಕ್ಕಮ್ಮನೂ ನಕ್ಕು ಚಹಾ ಕೊಡಿಸಿದರು. ಮರುದಿನ ಮತ್ತೆ ತಪ್ಪಿದರು. ಅದರ ಮರುದಿನ ಎರಡು ಸಲ ಕೈ ಚಾಚಿ, ಎರಡು ಸಲ ಹಿಂದಕ್ಕೆ ತೆಗೆದುಕೊಂಡು, ಮೆಲ್ಲಗೆ ನನ್ನನ್ನು ಕರೆದರು.

"ಮಂಜ, ಬೆಂಕಿ ಕಾದಂಗೆ ಕಾಯ್ತಾ ಐತಲ್ಲೋ. ನಲವತ್ತೆಲ್ಡರ ಕೆಳಗಿಲ್ಲ ಕಣಪ್ಪ. ನಿನ್ ಡಬ್ಬಿ ನೋಡೊಂಚೂರು."

"ನೋಡಿದ್ದೀನಿ ಚಿಕ್ಕಮ್ಮ. ಸರಿಯಾಗೈತೆ," ಅಂದೆ. "ಗಾಳೀಲಿ ತೇವ ಜಾಸ್ತಿ ಆಗೈತೆ, ಅದುಕ್ಕೆ ಅಂಗನ್ಸುತ್ತೆ."

ತೇವ ಶೇಕಡಾ ಹದಿನೆಂಟೇ ಇತ್ತು ಆ ದಿನ. ಬಾಯಿ ಒಣಗಿಸುವ ಗಾಳಿ. ಆ ಅಂಕಿಯೂ ತೆರೆಯ ಮೇಲೆಯೇ ಇತ್ತು, ಆದರೆ ಅದರ ಅರ್ಥ ಅಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಚಿಕ್ಕಮ್ಮ ತಮ್ಮ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಏನಾಗೈತೋ ಇದಕ್ಕೆ" ಅಂದರು, ಯಾರದೋ ಕೈಯನ್ನು ಬೈಯುವ ಹಾಗೆ.

ಹುಲಿಗೆಮ್ಮ ಮಾತ್ರ ಸುಮ್ಮನಿರಲಿಲ್ಲ. ಒಂದು ದಿನ ಎರ್ರಿಸ್ವಾಮಿ ಮೇಲೆ ಬಂದಾಗ ಮಿಷನ್ ನಿಲ್ಲಿಸಿ ಎದ್ದೇ ಬಿಟ್ಟಳು. "ಅಣ್ಣಾರ, ಈ ಟೀವಿ ಮ್ಯಾಲೆ ನಮ್ಗ ನಂಬಿಕಿ ಇಲ್ಲ. ಹೊರಗ ಹಕ್ಕಿ ಸಾಯಾಕ ಹತ್ಯಾವು, ಇದು ಮೂವತ್ತೊಂಬತ್ತು ಅಂತೈತಿ. ಯಾಕ?" ಆಮೇಲೆ ಚಿಕ್ಕಮ್ಮನ ಕಡೆ ತಿರುಗಿದಳು. "ರಂಗಮ್ಮಕ್ಕ, ನೀ ಹೇಳಬೇ. ನಿನ್ನ ಕೈ ಎಷ್ಟು ಅಂತೈತಿ? ನೀ ನಲವತ್ತು ಅಂದ್ರ ನಾವೆಲ್ಲಾ ಎದ್ದು ಇಳೀತೀವಿ. ಟೀವಿ ಕಟಗೊಂಡು ಏನ್ ಮಾಡೂದು."

ಮೂವತ್ತು ಮಿಷನ್ನೂ ನಿಂತವು. ಎಲ್ಲರೂ ಚಿಕ್ಕಮ್ಮನನ್ನೇ ನೋಡುತ್ತಿದ್ದರು. ಚಿಕ್ಕಮ್ಮ ನನ್ನ ಮುಖ ನೋಡಿದರು. ನಾನು ಬಾಗಿ ಒಂದು ಮೋಟಾರಿನ ಬೆಲ್ಟು ಸರಿಮಾಡತೊಡಗಿದೆ. ಅದು ಸರಿಯಾಗಿಯೇ ಇತ್ತು.

"ಇಲ್ಲ ಕಣವ್ವ," ಅಂದರು ಚಿಕ್ಕಮ್ಮ. "ನನ್ ಕೈ ಕೆಟ್ಟೋಗೈತೆ. ವಯಸ್ಸಾತು. ಮಂಜ ಓದಿರೋನು, ಅವ್ನು ಯಾಕೆ ಸುಳ್ಳೇಳ್ತಾನೆ. ಡಬ್ಬಿ ಹೇಳಿದ್ದೇ ಸರಿ."

ಹುಲಿಗೆಮ್ಮ ಒಂದು ಕ್ಷಣ ನಿಂತು, ಕೂತಳು. ಮಿಷನ್‌ಗಳು ಒಂದೊಂದಾಗಿ ಶುರುವಾದವು. ಆ ಗಳಿಗೆಯಲ್ಲಿ ನಾನು ಬಾಯಿ ಬಿಟ್ಟಿದ್ದರೆ ಏನು ಹೋಗುತ್ತಿತ್ತು? ಒಂದು ರೂಮು ಹೋಗುತ್ತಿತ್ತು. ಇಷ್ಟು ವರ್ಷ ನೂರು ಸಲ ಲೆಕ್ಕ ಹಾಕಿದ್ದೇನೆ, ಅದಕ್ಕಿಂತ ಹೆಚ್ಚಿಗೆ ಏನೂ ಬರುವುದಿಲ್ಲ.

ಅದಾದ ಆರನೇ ದಿನ ಚಿಕ್ಕಮ್ಮ ಪ್ಯಾಂಟಿನ ರಾಶಿಯ ಮೇಲೆ ಹಾಗೇ ವಾಲಿಕೊಂಡರು. ನಿದ್ದೆ ಬಂದಿದೆ ಎಂದುಕೊಂಡೆವು. ಮುಟ್ಟಿದರೆ ಮೈ ಕಾದ ಹೆಂಚು, ಒಂದು ಹನಿ ಬೆವರಿಲ್ಲ. ಹುಲಿಗೆಮ್ಮ, ನಾನು, ಇನ್ನಿಬ್ಬರು ಸೇರಿ ಎತ್ತಿಕೊಂಡು ಆಟೋದಲ್ಲಿ ಹಾಕಿ ಆಸ್ಪತ್ರೆಗೆ ಒಯ್ದೆವು. ನರ್ಸಮ್ಮ ಬಟ್ಟೆ ಒದ್ದೆ ಮಾಡಿ ಮೈಮೇಲೆಲ್ಲ ಹೊದಿಸಿ, ಫ್ಯಾನು ಹಾಕಿದರು. ಹುಳುಮನೆಯಲ್ಲಿ ಮಾಡುವ ಆರೈಕೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅಷ್ಟನ್ನೇ ದಿನಾ ತಾರಸಿಯ ಮೇಲೆ ಮಾಡಬಹುದಿತ್ತು.

ಸಂಜೆ ಕಣ್ಣು ಬಿಟ್ಟರು. ಡಾಕ್ಟರು ಬಂದು, "ಎಂಥ ಜಾಗದಲ್ಲಿ ಕೂತಿದ್ರಮ್ಮ? ಎಷ್ಟು ಸೆಕೆ ಇತ್ತು ಅಲ್ಲಿ?" ಎಂದು ಕೇಳಿದರು. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆನೋ ಏನೋ, ಗೊತ್ತಿಲ್ಲ. ಚಿಕ್ಕಮ್ಮನೇ ತೊದಲುತ್ತಾ ಉತ್ತರ ಕೊಟ್ಟರು: "ಮೂವತ್ತೊಂಬತ್ತು ಸಾರ್. ನಮ್ ಮಂಜನ್ ಡಬ್ಬೀಲಿ ಬರುತ್ತೆ."

ಡಾಕ್ಟರು, "ಅಷ್ಟಕ್ಕೇ ಹೀಗಾಗಿದೆ ಅಂದ್ರೆ ದೇಹ ಸೋತಿದೆ, ಇನ್ನು ಈ ಕೆಲಸ ಬೇಡ" ಎಂದು ಬರೆದುಕೊಂಡು ಹೋದರು. ಹೀಗೆ ನನ್ನ ಅಂಕಿ ಆಸ್ಪತ್ರೆಯ ಕಾಗದಕ್ಕೂ ಹತ್ತಿತು. ತಪ್ಪೆಲ್ಲ ಚಿಕ್ಕಮ್ಮನ ದೇಹದ್ದೇ ಆಯಿತು.

ನಾಲ್ಕು ದಿನ ಬಿಟ್ಟು ಅವರನ್ನು ಮಡಕಶಿರದವರೆಗೆ ಕರೆದುಕೊಂಡು ಹೋಗಿ ಚಿಕ್ಕಪ್ಪನ ಕೈಗೆ ಒಪ್ಪಿಸಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಬಗ್ಗೆಯೇ ಯೋಚನೆ. "ನನ್ನಿಂದ ನಿಂಗೆ ಅಲ್ಲಿ ಕೆಟ್ಟೆಸ್ರು ಬಂತೇನೋ ಮಗ" ಎಂದು ಎರಡು ಸಲ ಕೇಳಿದರು. ನಾನು ಕಿಟಕಿಯ ಹೊರಗೆ ನೋಡಿದೆ.

ಹಿಂದಿರುಗಿದ ದಿನವೇ ಮೊದಲ ಮಳೆ ಬಂತು. ಗಾಳಿಯ ಬಟ್ಟಲುಗಳು ಗಿರಗಿರ ತಿರುಗಿದವು, ಪುಟ್ಟ ದೋಣಿ ಟಕ್ ಟಕ್ ಎಂದು ವಾಲಿತು. ಒಳಗಿನ ಅಂಕಿ ಒಂದೇ ಗಂಟೆಯಲ್ಲಿ ಇಪ್ಪತ್ತಾರಕ್ಕೆ ಇಳಿಯಿತು. ನಾನು ಖಾನೆಯನ್ನು ಮತ್ತೆ ಮೈನಸ್ ಒಂದು ಮಾಡಿದೆ. ಮಳೆಯ ತಂಪಿನಲ್ಲಿ ಆ ಮೂರು ಡಿಗ್ರಿ ಯಾರ ಕಣ್ಣಿಗೂ ಬೀಳಲಿಲ್ಲ. ಮಾಲು ಹೋಯಿತು. ಎರ್ರಿಸ್ವಾಮಿ ಮಾತಿಗೆ ತಪ್ಪುವವರಲ್ಲ, ಕೆಳಗಿನ ರೂಮಿನ ಬೀಗದ ಕೈ ತಂದು ಕೊಟ್ಟರು. ನಾನು ತೆಗೆದುಕೊಂಡೆ. ಪೂಜೆ ಮಾಡಿ, ಮಂಡಕ್ಕಿ ಹಂಚಿ, ಅಂಗಡಿ ತೆರೆದೆ. ಹುಲಿಗೆಮ್ಮ ಒಂದು ದಿನ ಬಂದು ಬಾಗಿಲಲ್ಲಿ ನಿಂತು, ಗೋಡೆಗೆ ಅಂಗೈ ಒತ್ತಿ ನೋಡಿದಳು.

"ಅಂಗಡಿ ಚಲೋ ಐತ್ರಿ," ಅಂದಳು. "ಬಾಳ ತಂಪೈತಿ."

ಅಷ್ಟೇ ಅಂದು ಹೋದಳು. ಆಮೇಲೆ ತನ್ನ ಮಿಷನ್ ಕೆಟ್ಟರೆ ಬೇರೆ ರಿಪೇರಿಯವನನ್ನು ಕರೆಸುತ್ತಿದ್ದಳು. ಎರಡು ವರ್ಷ ಆ ಅಂಗಡಿ ನಡೆಸಿದೆ. ಹವಾಮಾನ ಕೇಂದ್ರವನ್ನು ಬಿಚ್ಚಿ ಗೋಣಿಚೀಲಕ್ಕೆ ತುಂಬಿ ಅಟ್ಟದ ಮೇಲೆ ಎಸೆದೆ. ಇವತ್ತಿಗೂ ಎಲ್ಲಿಯೇ ಹೋದರೂ ಸೆಕೆ ಎಷ್ಟಿದೆ ಎಂದು ಫೋನಿನಲ್ಲಿ ನೋಡುವುದಿಲ್ಲ.

ಹೋದ ತಿಂಗಳು ಹೋಗಿದ್ದೆ ಎಂದೆನಲ್ಲ. ಹೊಸ ಹುಳುಮನೆಯನ್ನು ಈಗ ಚಿಕ್ಕಮ್ಮನ ಸೊಸೆ ನೋಡಿಕೊಳ್ಳುತ್ತಾಳೆ. ಚೂಟಿ ಹುಡುಗಿ. ಒಳಗೆ ಸೆನ್ಸಾರು ಹಾಕಿಸಿದ್ದಾಳೆ, ಅಂಕಿ ಅವಳ ಫೋನಿಗೆ ಬರುತ್ತದೆ. ಅವಳು ಸೊಪ್ಪು ತರಲು ತೋಟಕ್ಕೆ ಹೋಗಿದ್ದಳು, ಫೋನೂ ಅವಳ ಜೊತೆಗೇ ಹೋಗಿತ್ತು. ಚಿಕ್ಕಮ್ಮ ಹುಳುಮನೆಯ ಬಾಗಿಲಲ್ಲಿ ನಿಂತಿದ್ದರು. ಗೋಣಿ ಆಗಲೇ ಅರ್ಧ ಒಣಗಿತ್ತು. ಪಕ್ಕದಲ್ಲೇ ನೀರಿನ ಬಕೀಟು, ಚೊಂಬು. ಒಳಗೆ ತಟ್ಟೆಗಳಲ್ಲಿ ಹುಳುಗಳು ತಿನ್ನುವುದು ಬಿಟ್ಟು ತಲೆ ಎತ್ತಿದ್ದವು. ಸೆಕೆ ಏರಿದೆ ಎಂದು ನನಗೇ ಗೊತ್ತಾಗುತ್ತಿತ್ತು. ಚಿಕ್ಕಮ್ಮ ಚೊಂಬನ್ನು ಮುಟ್ಟಿರಲಿಲ್ಲ.

"ನೀರು ಹಾಕಲ್ವಾ ಚಿಕ್ಕಮ್ಮ?" ಅಂದೆ.

"ಎಷ್ಟೈತೋ ಗೊತ್ತಾಗ್ಬೇಕಲ್ಲಪ್ಪ. ಸುಮ್ಸುಮ್ನೆ ಹಾಕಿದ್ರೆ ತೇವ ಜಾಸ್ತಿಯಾಗಿ ರೋಗ ಬರುತ್ತೆ. ಹುಡುಗಿ ಬರ್ಲಿ."

ಆಗ ಹೇಳಿದೆ. ಅಲ್ಲೇ ನಿಂತು, ಎಲ್ಲ. ಖಾನೆ, ಮೈನಸ್ ನಾಲ್ಕು, ರೂಮು, ಬೆಲ್ಟು. "ನಿನ್ನ ಕೈ ಒಂದು ದಿನವೂ ತಪ್ಪಿರಲಿಲ್ಲ ಚಿಕ್ಕಮ್ಮ. ನೀನು ನಲವತ್ತೊಂದು ಅಂದಾಗ ನಲವತ್ತೊಂದೇ ಇತ್ತು. ಸುಳ್ಳು ಹೇಳಿದ್ದು ನಾನು" ಅಂದೆ. ಬೈಯಲಿ, ಕಪಾಳಕ್ಕೆ ಹೊಡೆಯಲಿ ಎಂದು ಕಾದೆ.

ಚಿಕ್ಕಮ್ಮ ನನ್ನ ಕೆನ್ನೆ ಸವರಿ ನಕ್ಕರು.

"ಬುಡು ಮಗ. ಮುದುಕಿ ಬೇಜಾರ್ ಮಾಡ್ಕೊಂಡವ್ಳೆ ಅಂತ ಏನೇನೋ ಕಟ್ಟಿ ಹೇಳ್ತೀಯ. ನೀನು ಅಂಥೋನಲ್ಲ ಅಂತ ನಂಗೊತ್ತಿಲ್ವಾ?"

"ದೇವರಾಣೆ ಚಿಕ್ಕಮ್ಮ. ಬೇಕಾದ್ರೆ ಈಗ್ಲೇ ಕೈಯಿಟ್ಟು ನೋಡು. ಎಷ್ಟೈತೆ ಹೇಳು."

ನನ್ನ ಬಲವಂತಕ್ಕೆ ಒಂದು ಹೆಜ್ಜೆ ಒಳಗಿಟ್ಟು ಎಡಗೈ ಮೇಲೆತ್ತಿದರು. ಅದು ತಟ್ಟೆಯವರೆಗೆ ಹೋಗಲಿಲ್ಲ. ನಡುವೆಯೇ ನಿಂತು, ಹಿಂದೆ ಬಂದು, ಸೆರಗಿನೊಳಗೆ ಸೇರಿಕೊಂಡಿತು.

"ಹುಡುಗಿ ಬರ್ಲಿ ತಡಿಯಪ್ಪ," ಅಂದರು. "ಫೋನ್ ನೋಡಿ ಹೇಳ್ತಾಳೆ."